ಕೇಬಲ್ ಸೀರೀಸ್ ನೋಡೋಕೆ ಯಾವ ದಾರಿ? ಆ್ಯಪ್ ಆಮೇಲೆ, ಮೊದಲು ಮಾಲೀಕರು ಯಾರು ನೋಡಿ

ಅಮೆರಿಕದಲ್ಲಿರುವ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಯಾವುದೋ ಕೇಬಲ್ ಚಾನೆಲ್‌ನ ಸೀರೀಸ್ ನೋಡಬೇಕು. ನೆಟ್‌ಫ್ಲಿಕ್ಸ್‌ಗೆ ಬರುವ ತನಕ ಕಾಯಬೇಕಾ, ಆ ಚಾನೆಲ್‌ನವರ ಆ್ಯಪ್‌ಗೇ ದುಡ್ಡು ಕಟ್ಟಬೇಕಾ, ಇಂಟರ್‌ನೆಟ್‌ನಲ್ಲೇ ಕೇಬಲ್ ಚಾನೆಲ್ ಕೊಡುವ ಯೂಟ್ಯೂಬ್ ಟಿವಿಯಂಥದ್ದು ಹಾಕಿಸಿಕೊಳ್ಳಬೇಕಾ, ಇಲ್ಲ ಸೀಸನ್ನನ್ನೇ ಕೊಂಡುಬಿಡಬೇಕಾ? ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಸೀರೀಸ್‌ಗಳು ಕೇಬಲ್‌ನಿಂದ ಸ್ಟ್ರೀಮಿಂಗ್‌ಗೆ ಹೇಗೆ ಬರುತ್ತವೆ, ಯಾಕೆ ಮಾಯವಾಗುತ್ತವೆ ಅಂತ ಒಮ್ಮೆ ಗೊತ್ತಾದರೆ ನಿಮ್ಮ ಉತ್ತರ ನಿಮಗೇ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಮೂರು ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಹೋಗುತ್ತಿರುತ್ತದೆ, ನಿಮಗೆ ಬೇಕಾದ ಸೀಸನ್ ಮಾತ್ರ ನಾಲ್ಕನೆಯದರಲ್ಲಿ ಇರುತ್ತದೆ.

ಬಹಳ ಜನ ಗಮನಿಸದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಸೀರೀಸ್ ಪ್ರಸಾರವಾದ ಚಾನೆಲ್ ಬೇರೆ, ಅದರ ಮಾಲೀಕರು ಬೇರೆ ಇರಬಹುದು. 'ಬ್ರೇಕಿಂಗ್ ಬ್ಯಾಡ್' ಮತ್ತು 'ಮ್ಯಾಡ್ ಮೆನ್' ಎರಡೂ ಎಎಂಸಿ ಚಾನೆಲ್‌ನಲ್ಲಿ ಬಂದವು, ಎರಡಕ್ಕೂ ಹೆಸರು ಬಂದದ್ದು ಅಲ್ಲೇ. ಆದರೆ ಮೊದಲನೆಯದನ್ನು ಮಾಡಿದ್ದು ಸೋನಿ, ಎರಡನೆಯದನ್ನು ಲಯನ್ಸ್‌ಗೇಟ್. ಎಎಂಸಿ ತಗೊಂಡದ್ದು ತನ್ನ ಚಾನೆಲ್‌ನಲ್ಲಿ ತೋರಿಸುವ ಹಕ್ಕು. ಸ್ಟ್ರೀಮಿಂಗ್ ಹಕ್ಕನ್ನು ಯಾರಿಗೆ, ಎಷ್ಟು ವರ್ಷಕ್ಕೆ ಮಾರಬೇಕು ಅನ್ನುವುದು ಸ್ಟುಡಿಯೋ ಕೈಯಲ್ಲಿತ್ತು. ಎಚ್‌ಬಿಒ ಹಾಗಲ್ಲ, ಅದರ ಹೆಸರಾಂತ ಸೀರೀಸ್‌ಗಳು ಬಹುಪಾಲು ಅದರದ್ದೇ. ಎಎಂಸಿಗೂ 'ದ ವಾಕಿಂಗ್ ಡೆಡ್' ಸ್ವಂತದ್ದು. ಈ ಒಂದು ವ್ಯತ್ಯಾಸದಿಂದಲೇ ಮುಂದಿನ ಅರ್ಧ ವಿಷಯ ತೀರ್ಮಾನವಾಗುತ್ತದೆ.

ಲೈಸೆನ್ಸ್ ಅನ್ನುವುದು ಬಾಡಿಗೆ ಮನೆಯ ಕರಾರಿನ ಹಾಗೆ. ಮನೆ ಬಾಡಿಗೆದಾರರದ್ದಾಗುವುದಿಲ್ಲ, ಅವಧಿ ಮುಗಿದ ಮೇಲೆ ಮಾಲೀಕರು ಬೇರೆಯವರಿಗೆ ಕೊಡಬಹುದು, ತಾವೇ ಬಂದು ಕೂರಬಹುದು. ಕರಾರಿನಲ್ಲಿ ಸಣ್ಣಪುಟ್ಟ ಷರತ್ತು ತುಂಬಾ ಇರುತ್ತವೆ: ಯಾವ ದೇಶಕ್ಕೆ, ಯಾವ ಯಾವ ಸೀಸನ್, ಒಬ್ಬರಿಗೆ ಮಾತ್ರವಾ ಅಥವಾ ಇನ್ನೊಬ್ಬರಿಗೂ ಕೊಡಬಹುದಾ, ಜಾಹೀರಾತು ಹಾಕಬಹುದಾ, ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳಲು ಬಿಡಬಹುದಾ. ಹಾಗಾಗಿ 'ಆ ಸೀರೀಸ್ ಅಲ್ಲಿದೆ' ಅಂದರೆ ಪೂರ್ತಿ ಇದೆ ಅಂತಲ್ಲ, ನಿಮ್ಮ ಪ್ಲ್ಯಾನ್‌ನಲ್ಲಿ ಇದೆ ಅಂತಲೂ ಅಲ್ಲ. ನೆಟ್‌ಫ್ಲಿಕ್ಸ್ 2022ರ ನವೆಂಬರ್‌ನಲ್ಲಿ ಜಾಹೀರಾತಿನ ಕಡಿಮೆ ದರದ ಪ್ಲ್ಯಾನ್ ತಂದಾಗ ಕೆಲವು ಸೀರೀಸ್, ಸಿನಿಮಾಗಳು ಅದರಲ್ಲಿ ಸಿಗಲೇ ಇಲ್ಲ. ಜಾಹೀರಾತಿನ ಜೊತೆ ತೋರಿಸುವ ಹಕ್ಕು ಹಳೆಯ ಕರಾರುಗಳಲ್ಲಿ ಇರಲಿಲ್ಲ, ಅಷ್ಟೇ.

ಇದೆಲ್ಲ ಇಷ್ಟು ಗೋಜಲಾಗಿದ್ದು ಹೇಗೆ ಅಂತ ಸ್ವಲ್ಪ ನೋಡೋಣ. 2008ರಲ್ಲಿ ಸ್ಟಾರ್ಜ್ ಅನ್ನುವ ಕೇಬಲ್ ಚಾನೆಲ್ ತನ್ನ ಸಿನಿಮಾ, ಸೀರೀಸ್‌ಗಳನ್ನು ನೆಟ್‌ಫ್ಲಿಕ್ಸ್‌ಗೆ ಕೊಟ್ಟಿತು. ಆಗ ಸ್ಟ್ರೀಮಿಂಗ್ ಅಂದರೆ ಡಿವಿಡಿ ಜೊತೆ ಸಿಗುವ ಪುಟ್ಟ ಸೌಲಭ್ಯ, ಯಾರೂ ಅದನ್ನು ಗಂಭೀರವಾಗಿ ತಗೊಂಡಿರಲಿಲ್ಲ. ಅದು ಎಷ್ಟು ದೊಡ್ಡದಾಯಿತು ಅಂತ ಕಂಡ ಮೇಲೆ ಸ್ಟಾರ್ಜ್ ಕರಾರು ಮುಂದುವರಿಸಲಿಲ್ಲ, 2012ರ ಫೆಬ್ರವರಿಗೆ ಎಲ್ಲವೂ ನೆಟ್‌ಫ್ಲಿಕ್ಸ್‌ನಿಂದ ಹೊರಬಿತ್ತು. ಅಷ್ಟರಲ್ಲಿ ಇನ್ನೊಂದು ವಿಷಯವೂ ಗೊತ್ತಾಗಿತ್ತು. ಹಳೆಯ ಸೀಸನ್‌ಗಳು ಸ್ಟ್ರೀಮಿಂಗ್‌ನಲ್ಲಿ ಸಿಕ್ಕರೆ ಹೊಸ ಸೀಸನ್‌ಗೆ ಕೇಬಲ್‌ನಲ್ಲೂ ಜನ ಜಾಸ್ತಿ ಬರುತ್ತಾರೆ. 'ಬ್ರೇಕಿಂಗ್ ಬ್ಯಾಡ್' ಸೃಷ್ಟಿಸಿದ ವಿನ್ಸ್ ಗಿಲಿಗನ್, 2013ರಲ್ಲಿ ಎಮ್ಮಿ ಪ್ರಶಸ್ತಿ ಬಂದಾಗ, ಸೀರೀಸ್ ಉಳಿಯಲು ನೆಟ್‌ಫ್ಲಿಕ್ಸ್ ಕಾರಣ ಅಂತ ಬಾಯಿಬಿಟ್ಟೇ ಹೇಳಿದರು. ಅದರ ಕೊನೆಯ ಎಪಿಸೋಡ್ ಅನ್ನು ಎಎಂಸಿಯಲ್ಲೇ ಒಂದು ಕೋಟಿಗೂ ಮೀರಿ ಜನ ನೋಡಿದರು.

ಆಮೇಲೆ ಮಾಲೀಕರಿಗೆಲ್ಲ ತಮ್ಮದೇ ಆ್ಯಪ್ ಬೇಕು ಅನ್ನಿಸಿತು. 2020ರ ಮೇನಲ್ಲಿ ಎಚ್‌ಬಿಒ ಮ್ಯಾಕ್ಸ್, ಅದೇ ವರ್ಷ ಎನ್‌ಬಿಸಿಯುನಿವರ್ಸಲ್‌ನ ಪೀಕಾಕ್, 2021ರ ಮಾರ್ಚ್‌ನಲ್ಲಿ ಪ್ಯಾರಾಮೌಂಟ್ ಪ್ಲಸ್ ಬಂದವು. ಎಲ್ಲರೂ ತಮ್ಮ ತಮ್ಮ ಸೀರೀಸ್‌ಗಳನ್ನು ಮನೆಗೆ ವಾಪಸ್ ಕರೆಸಿಕೊಂಡರು. ಎರಡು ಮೂರು ವರ್ಷ ನಷ್ಟ ಕಂಡ ಮೇಲೆ ಮತ್ತೆ ಮಾರಲು ಶುರು ಮಾಡಿದರು. ಎಚ್‌ಬಿಒದ 'ಇನ್‌ಸೆಕ್ಯೂರ್' 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, 'ಸೆಕ್ಸ್ ಅಂಡ್ ದ ಸಿಟಿ' 2024ರ ಏಪ್ರಿಲ್‌ನಲ್ಲಿ. ಎಚ್‌ಬಿಒ ಆ್ಯಪ್‌ನಲ್ಲೂ ಉಳಿದವು, ಇಲ್ಲೂ ಬಂದವು. ಈಗ ನಾವು ಇರುವುದು ಈ ಕಾಲದಲ್ಲಿ.

ಅಳೆಯುವುದು ಯಾವುದರಿಂದ?

ನಾನು ನೋಡುವುದು ಇಷ್ಟು. ಹೊಸ ಎಪಿಸೋಡ್ ಎಷ್ಟು ಬೇಗ ಸಿಗಬೇಕು. ಎಲ್ಲ ಸೀಸನ್ ಒಂದೇ ಕಡೆ ಸಿಗುತ್ತದಾ. ಅರ್ಧ ನೋಡಿದ ಮೇಲೆ ಮಾಯವಾಗುವ ಸಾಧ್ಯತೆ ಎಷ್ಟು. ಜಾಹೀರಾತು ಸಹಿಸುತ್ತೀರಾ. ಕೊನೆಗೆ ಖರ್ಚು. ಖರ್ಚನ್ನು ತಿಂಗಳ ದರದಿಂದ ಲೆಕ್ಕ ಹಾಕಬೇಡಿ ದಯವಿಟ್ಟು. ಸೀರೀಸ್ ಮುಗಿಸಲು ನಿಮಗೆ ಎಷ್ಟು ತಿಂಗಳು ಬೇಕು ಅನ್ನುವುದರಿಂದ ಗುಣಿಸಿ. ವಾರಕ್ಕೆ ಎರಡು ಎಪಿಸೋಡ್ ನೋಡುವವರಿಗೂ ಶನಿವಾರ ಭಾನುವಾರದಲ್ಲೇ ಒಂದು ಸೀಸನ್ ಮುಗಿಸುವವರಿಗೂ ಒಂದೇ ಆ್ಯಪ್ ಅಗ್ಗ ಆಗಲಾರದು, ಅಲ್ವಾ?

ಈ ಐದರಲ್ಲಿ ನಿಮಗೆ ಬಿಡಲಾಗದ್ದು ಯಾವುದು ಅಂತ ಈಗಲೇ ಆರಿಸಿಕೊಳ್ಳಿ. ಐದೂ ಕೊಡುವ ದಾರಿ ಇಲ್ಲ.

ನೆಟ್‌ಫ್ಲಿಕ್ಸ್‌ನಂಥ ಕಡೆ ಬರುವ ತನಕ ಕಾಯುವುದು

ಮನೆಯಲ್ಲಿ ಹೇಗೂ ನೆಟ್‌ಫ್ಲಿಕ್ಸ್ ಇದೆ ಅಂದರೆ ಇದಕ್ಕೆ ಹೊಸ ಖರ್ಚಿಲ್ಲ. ಇದರ ದೊಡ್ಡ ಲಾಭವೇ ಅದು. 'ಸೂಟ್ಸ್' ನೋಡಿ, ಯುಎಸ್‌ಎ ನೆಟ್‌ವರ್ಕ್‌ನಲ್ಲಿ 2011ರಿಂದ 2019ರ ತನಕ ಬಂದು ಮುಗಿದ ಸೀರೀಸ್. 2023ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದದ್ದೇ, ಆ ವರ್ಷ ಅಮೆರಿಕದಲ್ಲಿ ಸ್ಟ್ರೀಮಿಂಗ್‌ನಲ್ಲಿ ಅತಿ ಹೆಚ್ಚು ನೋಡಿದ್ದು ಅದನ್ನೇ, ವೀಕ್ಷಕರ ಲೆಕ್ಕ ಇಡುವ ನೀಲ್ಸನ್ ಕಂಪನಿ ಪ್ರಕಾರ 5,770 ಕೋಟಿ ನಿಮಿಷ. ಅಲ್ಲಿವರೆಗೂ ಅದು ಮಾಲೀಕರಾದ ಎನ್‌ಬಿಸಿಯುನಿವರ್ಸಲ್‌ನ ಪೀಕಾಕ್‌ನಲ್ಲಿ ಇತ್ತು, ಆಗ ಇಷ್ಟು ಗದ್ದಲ ಇರಲಿಲ್ಲ.

ಆದರೆ ಅದೇ 'ಸೂಟ್ಸ್' ಈ ದಾರಿಯ ತೊಂದರೆಯನ್ನೂ ತೋರಿಸುತ್ತದೆ. ಒಂಬತ್ತು ಸೀಸನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಮೊದಲು ಸಿಕ್ಕಿದ್ದು ಎಂಟು. ಕೊನೆಯದಕ್ಕೆ ಪೀಕಾಕ್‌ಗೇ ಹೋಗಬೇಕಿತ್ತು, ನೆಟ್‌ಫ್ಲಿಕ್ಸ್‌ಗೆ ಅದು ಬಂದದ್ದು ಒಂದು ವರ್ಷದ ಮೇಲೆ. ಇದು ಬೇಕೆಂದೇ ಮಾಡುವ ವ್ಯವಸ್ಥೆ. ಮಾಲೀಕರು ಹಳೆಯದನ್ನು ಕೊಟ್ಟು ರುಚಿ ಹತ್ತಿಸುತ್ತಾರೆ, ಹೊಸದನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತಾರೆ. 2024ರ ಆಗಸ್ಟ್‌ನಲ್ಲಿ ಎಎಂಸಿ ತನ್ನ ಹತ್ತಕ್ಕೂ ಹೆಚ್ಚು ಸೀರೀಸ್‌ಗಳನ್ನು ಒಂದು ವರ್ಷದ ಮಟ್ಟಿಗೆ ನೆಟ್‌ಫ್ಲಿಕ್ಸ್‌ಗೆ ಕೊಟ್ಟಿತು. 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' ಅದರಲ್ಲಿತ್ತು, ಮೊದಲ ಸೀಸನ್ ಮಾತ್ರ. ಎರಡನೆಯದು ಬೇಕಾದವರು ಎಎಂಸಿ ಪ್ಲಸ್‌ಗೆ ಹೋಗಬೇಕಿತ್ತು. ಹಾಗಾಗಿ ಮೊದಲ ಎಪಿಸೋಡ್ ಒತ್ತುವ ಮುಂಚೆ ಒಟ್ಟು ಎಷ್ಟು ಸೀಸನ್ ಬಂದಿವೆ, ಇಲ್ಲಿ ಎಷ್ಟಿವೆ ಅಂತ ಒಮ್ಮೆ ಹುಡುಕಿ ನೋಡಿ. ಯಾವ ಸೀರೀಸ್ ಎಲ್ಲಿದೆ ಅಂತ ಹೇಳುವ ಜಸ್ಟ್‌ವಾಚ್‌ನಂಥ ವೆಬ್‌ಸೈಟ್‌ಗಳಲ್ಲಿ ಸೀಸನ್ ಲೆಕ್ಕದಲ್ಲೇ ತೋರಿಸುತ್ತಾರೆ.

ಮಾಯವಾಗುವ ಭಯವೂ ಇಲ್ಲೇ ಜಾಸ್ತಿ. ಪಾಪ್ ಟಿವಿಯಲ್ಲಿ ಬರುತ್ತಿದ್ದ 'ಶಿಟ್ಸ್ ಕ್ರೀಕ್' ಅಮೆರಿಕದಲ್ಲಿ ಮನೆಮಾತಾಗಿದ್ದು ನೆಟ್‌ಫ್ಲಿಕ್ಸ್‌ನಿಂದ. 2022ರ ಅಕ್ಟೋಬರ್‌ನಲ್ಲಿ ಅದು ಹುಲೂ ಅನ್ನುವ ಇನ್ನೊಂದು ಸ್ಟ್ರೀಮಿಂಗ್ ಸೇವೆಗೆ ಹೋಯಿತು. ಮಕ್ಕಳಿರುವ ಮನೆಗೆ ಇದು ಇನ್ನೂ ಕಷ್ಟ. 2013ರ ಮೇನಲ್ಲಿ ನಿಕಲೋಡಿಯನ್ ಚಾನೆಲ್‌ನ ಮಾಲೀಕರಾದ ವಯಾಕಾಮ್ ಜೊತೆಗಿನ ನೆಟ್‌ಫ್ಲಿಕ್ಸ್ ಕರಾರು ಮುಗಿದಾಗ ಆ ಚಾನೆಲ್‌ನ ಕಾರ್ಟೂನ್‌ಗಳು ಒಟ್ಟಿಗೇ ಹೊರಟುಹೋದವು, ಮುಂದಿನ ತಿಂಗಳೇ ಅಮೆಜಾನ್ ಹಿಡಿದುಕೊಂಡಿತು. ದಿನಾ ಅದೇ ಕಾರ್ಟೂನ್ ಕೇಳುವ ಮಗುವಿಗೆ ಲೈಸೆನ್ಸ್ ವಿಷಯ ಹೇಳಿ ಸಮಾಧಾನ ಮಾಡಲು ಆಗುತ್ತದಾ?

ಇನ್ನೊಂದು ಮಾತು. ಮಾಲೀಕರಿಗೆ ತಮ್ಮದೇ ದೊಡ್ಡ ಸ್ಟ್ರೀಮಿಂಗ್ ಆ್ಯಪ್ ಇಲ್ಲದಿದ್ದರೆ ಕಾಯುವುದು ಹೆಚ್ಚು ಸುರಕ್ಷಿತ. ಸೋನಿ ಎಲ್ಲರಿಗೂ ಮಾರುವ ಕಂಪನಿ. ಅದಕ್ಕೇ 'ಬ್ರೇಕಿಂಗ್ ಬ್ಯಾಡ್' ಇಷ್ಟು ವರ್ಷ ನೆಟ್‌ಫ್ಲಿಕ್ಸ್‌ನಲ್ಲಿ ಗಟ್ಟಿಯಾಗಿ ಕೂತಿದೆ, ಅದನ್ನು ವಾಪಸ್ ಕರೆಸಿಕೊಳ್ಳಲು ಸೋನಿಗೆ ಕಾರಣವೇ ಇಲ್ಲ. ಎಚ್‌ಬಿಒದ ಹೊಸ ಸೀರೀಸ್‌ಗೆ ಹೀಗೆ ಕಾಯುವುದು ನನ್ನ ಪ್ರಕಾರ ವ್ಯರ್ಥ. 2014ರಲ್ಲಿ ಅದು ಅಮೆಜಾನ್‌ಗೆ ಹಳೆಯ ಸೀರೀಸ್‌ಗಳನ್ನು ಕೊಟ್ಟಾಗಲೂ, ನಡೆಯುತ್ತಿದ್ದ ಸೀರೀಸ್‌ಗಳ ಸೀಸನ್‌ಗಳು ಬರಲು ಸುಮಾರು ಮೂರು ವರ್ಷ ಅಂತ ಇಟ್ಟಿತ್ತು, 'ಗೇಮ್ ಆಫ್ ಥ್ರೋನ್ಸ್' ಅನ್ನು ಕೊಡಲೇ ಇಲ್ಲ.

ಮಾಲೀಕರ ಸ್ವಂತ ಆ್ಯಪ್

ಹೊಸ ಎಪಿಸೋಡ್ ಬೇಗ ಬೇಕು, ಎಲ್ಲ ಸೀಸನ್ ಬೇಕು ಅನ್ನುವವರಿಗೆ ಇದೇ ಸರಿಯಾದದ್ದು. ಎಚ್‌ಬಿಒ ಸೀರೀಸ್ ಚಾನೆಲ್‌ನಲ್ಲಿ ಬರುವ ಹೊತ್ತಿಗೇ ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಬರುತ್ತದೆ. ಡಿಸ್ನಿ 2019ರಲ್ಲಿ ಫಾಕ್ಸ್‌ನ ಆಸ್ತಿ ಕೊಂಡ ಮೇಲೆ ಎಫ್‌ಎಕ್ಸ್ ಚಾನೆಲ್ ಅದರದ್ದಾಯಿತು, 2020ರ ಮಾರ್ಚ್‌ನಿಂದ ಎಫ್‌ಎಕ್ಸ್ ಸೀರೀಸ್‌ಗಳು ಡಿಸ್ನಿಯದೇ ಆದ ಹುಲೂನಲ್ಲಿ ಸಿಗುತ್ತಿವೆ.

'ಆ ಚಾನೆಲ್‌ನದು ಅಂದಮೇಲೆ ಆ ಕಂಪನಿಯ ಆ್ಯಪ್‌ನಲ್ಲಿ ಇದ್ದೇ ಇರುತ್ತದೆ' ಅಂತ ಮಾತ್ರ ನಂಬಬೇಡಿ. ಪ್ಯಾರಾಮೌಂಟ್ ನೆಟ್‌ವರ್ಕ್‌ನ 'ಯೆಲ್ಲೋಸ್ಟೋನ್' ಹುಡುಕಿಕೊಂಡು ಪ್ಯಾರಾಮೌಂಟ್ ಪ್ಲಸ್‌ಗೆ ಹೋದವರಿಗೆ ಅದು ಸಿಗಲಿಲ್ಲ. ಪ್ಯಾರಾಮೌಂಟ್ ಪ್ಲಸ್ ಹುಟ್ಟುವ ಮುಂಚೆಯೇ, 2020ರಲ್ಲಿ, ಅದರ ಸ್ಟ್ರೀಮಿಂಗ್ ಹಕ್ಕು ಪೀಕಾಕ್‌ಗೆ ಹೋಗಿತ್ತು. ಅದರ ಹಿಂದಿನ ತಲೆಮಾರುಗಳ ಕಥೆಗಳಾದ '1883', '1923' ಎರಡೂ ಪ್ಯಾರಾಮೌಂಟ್ ಪ್ಲಸ್‌ನಲ್ಲಿ, ಮೂಲ ಕಥೆ ಪೀಕಾಕ್‌ನಲ್ಲಿ. ಒಂದೇ ಕುಟುಂಬದ ಕಥೆಗೆ ಎರಡು ಆ್ಯಪ್! ಪ್ಯಾರಾಮೌಂಟ್‌ನದೇ ಚಾನೆಲ್ ಆದ ಕಾಮೆಡಿ ಸೆಂಟ್ರಲ್‌ನ 'ಸೌತ್ ಪಾರ್ಕ್' ಕೂಡ ಹೀಗೇ 2019ರ ಕರಾರಿನಂತೆ ಎಚ್‌ಬಿಒ ಮ್ಯಾಕ್ಸ್‌ಗೆ ಹೋಗಿತ್ತು. ಅದೇ ಹೆಸರಿನ ಹೊಸ ವಿಶೇಷ ಕಂತುಗಳು ಪ್ಯಾರಾಮೌಂಟ್ ಪ್ಲಸ್‌ನಲ್ಲಿ ಬರತೊಡಗಿದಾಗ ಎಚ್‌ಬಿಒ ಮ್ಯಾಕ್ಸ್ ನಡೆಸುವ ವಾರ್ನರ್ ಬ್ರದರ್ಸ್ ಡಿಸ್ಕವರಿ 2023ರಲ್ಲಿ ಕೋರ್ಟಿಗೇ ಹೋಯಿತು. 2025ರಲ್ಲಿ ಹೊಸ ಕರಾರಾಗಿ ಸೀರೀಸ್ ಪ್ಯಾರಾಮೌಂಟ್ ಪ್ಲಸ್‌ಗೆ ಬಂತು.

ಸ್ವಂತ ಆ್ಯಪ್‌ನಲ್ಲಿ ಇದ್ದರೂ ಶಾಶ್ವತ ಅಂತಿಲ್ಲ. ಎಚ್‌ಬಿಒ ತನ್ನದೇ 'ವೆಸ್ಟ್‌ವರ್ಲ್ಡ್' ಅನ್ನು 2022ರ ಡಿಸೆಂಬರ್‌ನಲ್ಲಿ ತನ್ನ ಆ್ಯಪ್‌ನಿಂದ ತೆಗೆದುಹಾಕಿತು. ಮುಂದೆ ಅದು ಜಾಹೀರಾತಿನ ಉಚಿತ ಸೇವೆಗಳಾದ ರೋಕು ಮತ್ತು ಟುಬಿಗೆ ಹೋಯಿತು. ಇದು ಅಪರೂಪ, ಆದರೆ ಆಗುತ್ತದೆ.

ಖರ್ಚಿನ ವಿಷಯದಲ್ಲಿ ನನ್ನ ಸಲಹೆ ಸರಳ. ವರ್ಷದ ಪ್ಲ್ಯಾನ್ ಸುಮ್ನೆ ತಗೊಳ್ಳಬೇಡಿ. ಸೀಸನ್‌ನ ಕೊನೆಯ ಎಪಿಸೋಡ್ ಬಂದ ವಾರ ಸೇರಿಕೊಳ್ಳಿ, ಪೂರ್ತಿ ನೋಡಿ, ಆ ತಿಂಗಳು ಮುಗಿಯುವ ಮುಂಚೆ ಬಿಡಿ. ಇದು ಈಗ ಸಾಧ್ಯವಾಗಿರುವುದು ಕರಾರಿನ ಒಂದು ಷರತ್ತು ಬದಲಾದ ಕಾರಣ. ಮುಂಚೆ ಕೇಬಲ್ ಆನ್‌ಡಿಮಾಂಡ್‌ನಲ್ಲಿ (ಪ್ರಸಾರವಾದದ್ದನ್ನು ಬೇಕಾದಾಗ ಹಾಕಿ ನೋಡುವ ಸೌಲಭ್ಯ) ಬಹಳಷ್ಟು ಸೀರೀಸ್‌ಗೆ ಕೊನೆಯ ಐದು ಎಪಿಸೋಡ್ ಮಾತ್ರ ಇಡುವ ಹಕ್ಕಿರುತ್ತಿತ್ತು, ಆರನೆಯದು ಬಂದರೆ ಮೊದಲನೆಯದು ಹೋಗುತ್ತಿತ್ತು. ತಡವಾಗಿ ಸೇರಿದವರಿಗೆ ಕಥೆಯ ಆರಂಭವೇ ಇಲ್ಲ. ಮಾಲೀಕರ ಸ್ವಂತ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಆ ತೊಂದರೆ ಇಲ್ಲ.

ಇಂಟರ್‌ನೆಟ್‌ನಲ್ಲಿ ಪೂರ್ತಿ ಕೇಬಲ್

ಯೂಟ್ಯೂಬ್ ಟಿವಿ, ಸ್ಲಿಂಗ್, ಫಿಲೋ, ಹುಲೂ ಲೈವ್ ಟಿವಿ ಇವೆಲ್ಲ ಚಾನೆಲ್‌ಗಳನ್ನೇ ನೇರವಾಗಿ ಕೊಡುತ್ತವೆ. ಇಲ್ಲಿನ ಕರಾರು ಸೀರೀಸ್‌ಗೆ ಅಲ್ಲ, ಚಾನೆಲ್‌ಗೆ. ಒಬ್ಬೊಬ್ಬ ಚಂದಾದಾರರಿಗೆ ಇಷ್ಟು ಅಂತ ಚಾನೆಲ್ ಮಾಲೀಕರಿಗೆ ಸೇವೆಯವರು ತಿಂಗಳು ತಿಂಗಳು ಕೊಡಬೇಕು. ಆ ಮೊತ್ತ ಏರಿದ ಹಾಗೆ ನಿಮ್ಮ ಬಿಲ್ಲೂ ಏರುತ್ತದೆ. 2017ರಲ್ಲಿ ಶುರುವಾದಾಗ ಯೂಟ್ಯೂಬ್ ಟಿವಿ ತಿಂಗಳಿಗೆ 35 ಡಾಲರ್ ಇತ್ತು, 2025ರ ಜನವರಿಗೆ 82.99 ಡಾಲರ್.

ಬರೀ ಸೀರೀಸ್‌ಗಾಗಿ ಇದನ್ನು ತಗೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಆಟ, ಸುದ್ದಿ, ಅಡುಗೆ, ಮನೆ ರಿಪೇರಿ ಎಲ್ಲ ಚಾನೆಲ್ ಓಡುತ್ತಿರುವ ಮನೆಯಾದರೆ ಬೇರೆ ಮಾತು. ಆಟ ಬೇಡ ಅನ್ನುವವರು ಫಿಲೋ ನೋಡಿ, ಕ್ರೀಡಾ ಚಾನೆಲ್‌ಗಳ ಭಾರವಿಲ್ಲದ ಕಾರಣ ಅದರ ದರ ಬೇರೆಯವುಗಳಿಗಿಂತ ಬಹಳ ಕಡಿಮೆ. ರೆಕಾರ್ಡ್ ಮಾಡಿಕೊಂಡರೆ ನಮ್ಮದಾಯಿತು ಅಂತ ತಿಳಿಯಬೇಡಿ. ಯೂಟ್ಯೂಬ್ ಟಿವಿಯಲ್ಲಿ ರೆಕಾರ್ಡಿಂಗ್ ಒಂಬತ್ತು ತಿಂಗಳು ಇರುತ್ತದೆ, ಅಷ್ಟೇ. 2025ರ ಅಕ್ಟೋಬರ್ ಕೊನೆಗೆ ಡಿಸ್ನಿ ಜೊತೆ ದರದ ಜಗಳವಾಗಿ ಎರಡು ವಾರ ಡಿಸ್ನಿ ಚಾನೆಲ್‌ಗಳೆಲ್ಲ ಹೋದಾಗ, ಅವುಗಳಿಂದ ಮಾಡಿಟ್ಟ ರೆಕಾರ್ಡಿಂಗ್‌ಗಳೂ ಜನರಿಗೆ ಸಿಗಲಿಲ್ಲ.

ಈಗಾಗಲೇ ಕೇಬಲ್ ಕನೆಕ್ಷನ್ ಇರುವವರು ಹೊಸದೇನೂ ಕೊಳ್ಳುವ ಮುಂಚೆ ತಮ್ಮ ಪ್ಯಾಕೇಜನ್ನು ಒಮ್ಮೆ ಓದಿ. 2023ರ ಸೆಪ್ಟೆಂಬರ್‌ನಲ್ಲಿ ಚಾರ್ಟರ್ ಅನ್ನುವ ಕೇಬಲ್ ಕಂಪನಿ ಮತ್ತು ಡಿಸ್ನಿ ಜಗಳ ಮುಗಿದದ್ದೇ, ಕೇಬಲ್ ಗ್ರಾಹಕರಿಗೆ ಜಾಹೀರಾತಿರುವ ಡಿಸ್ನಿ ಪ್ಲಸ್ ಸೇರಿಸಿ ಕೊಡಬೇಕು ಅನ್ನುವ ಒಪ್ಪಂದದಿಂದ. ಆಮೇಲೆ ಬೇರೆ ಆ್ಯಪ್‌ಗಳೂ ಹಾಗೆ ಸೇರಿದವು. ಕೇಬಲ್ ಬಿಲ್ಲಿನಲ್ಲಿ ಬಂದಿರುವ ಆ್ಯಪ್‌ಗೆ ಬೇರೆಯಾಗಿ ದುಡ್ಡು ಕಟ್ಟುತ್ತಿರುವವರು ಇದ್ದಾರೆ. ನೀವು ಅವರಲ್ಲಿ ಒಬ್ಬರಾಗಿರಬೇಡಿ.

ಕೊಂಡುಬಿಡುವುದು, ಮತ್ತು ಉಚಿತವಾಗಿ ನೋಡುವುದು

ಸೀಸನ್ ಕೊಂಡರೆ ಯಾರ ಕರಾರಿನ ಗೊಡವೆಯೂ ಇಲ್ಲ ಅನ್ನಿಸುತ್ತದೆ. ಡಿಜಿಟಲ್ ಆಗಿ ಕೊಂಡರೆ ಗೊಡವೆ ಇದೆ. 2023ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕವರಿ ಚಾನೆಲ್ ಕಾರ್ಯಕ್ರಮಗಳು ವರ್ಷದ ಕೊನೆಗೆ ಅವರ ಖಾತೆಯಿಂದಲೇ ಹೋಗುತ್ತವೆ ಅಂತ ಹೇಳಿತು. ಜನ ರೊಚ್ಚಿಗೆದ್ದರು, ಕರಾರು ಮುಂದುವರಿಯಿತು, ಕಾರ್ಯಕ್ರಮಗಳು ಉಳಿದವು. ಆದರೆ 'ಕೊಳ್ಳಿ' ಅನ್ನುವ ಬಟನ್ ಒತ್ತಿದಾಗ ಸಿಗುವುದು ಲೈಸೆನ್ಸ್ ಮಾತ್ರ ಅಂತ ಎಲ್ಲರಿಗೂ ಅವತ್ತು ಅರ್ಥವಾಯಿತು. ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕಾನೂನೇ ಇದೆ. ಇಷ್ಟಾದರೂ ಸಬ್‌ಸ್ಕ್ರಿಪ್ಷನ್ ಸೇವೆಗೆ ಹೋಲಿಸಿದರೆ ಕೊಂಡದ್ದು ಬಹಳ ಕಾಲ ಉಳಿಯುತ್ತದೆ. ಒಂದೇ ಸೀಸನ್ ಬೇಕು, ನಿಧಾನವಾಗಿ ಆರು ತಿಂಗಳು ನೋಡುತ್ತೀರಿ ಅಂದರೆ ಇದೇ ಅಗ್ಗವಾಗುವ ಸಂದರ್ಭ ಎಷ್ಟೋ ಇವೆ.

ನಿಜವಾಗಿ ನಿಮ್ಮದೇ ಆಗಬೇಕು ಅಂದರೆ ಡಿಸ್ಕ್. ಎಲ್ಲ ಸೀರೀಸ್‌ಗೂ ಡಿಸ್ಕ್ ಬರುವುದಿಲ್ಲ ಅನ್ನುವುದು ಬೇಸರದ ವಿಷಯ. ಡಿಸ್ಕ್‌ನಲ್ಲೂ ಟಿವಿಯಲ್ಲಿ ಬಂದದ್ದೇ ಇರುತ್ತದೆ ಅಂತಿಲ್ಲ. ಎಂಟಿವಿಯ 'ಡಾರಿಯಾ' 2010ರಲ್ಲಿ ಡಿವಿಡಿಯಾಗಿ ಬಂದಾಗ ಅದರಲ್ಲಿದ್ದ ಹಾಡುಗಳಲ್ಲಿ ಬಹುಪಾಲು ಬದಲಾಗಿದ್ದವು, ಏಕೆಂದರೆ ಟಿವಿ ಪ್ರಸಾರಕ್ಕೆ ಇದ್ದ ಸಂಗೀತದ ಹಕ್ಕು ಡಿವಿಡಿಗೆ ಇರಲಿಲ್ಲ. ಹೊಸದಾಗಿ ತಿದ್ದಿ ತಂದ ರೂಪಗಳ ಮೇಲೂ ಕಣ್ಣಿರಲಿ. 'ಮ್ಯಾಡ್ ಮೆನ್' 2025ರ ಡಿಸೆಂಬರ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್‌ಗೆ 4ಕೆ ರೂಪದಲ್ಲಿ ಬಂದಾಗ, ವಾಂತಿಯ ದೃಶ್ಯವೊಂದರಲ್ಲಿ ಸುಳ್ಳು ವಾಂತಿಯ ಪೈಪ್ ಹಿಡಿದು ನಿಂತ ಸಿಬ್ಬಂದಿ ಕೂಡ ಕಾಣಿಸಿಬಿಟ್ಟರು. ಎಷ್ಟು ಪ್ರೀತಿಯಿಂದ ಮಾಡಿದ ಸೀರೀಸ್ ಅದು. ಅಂಥದ್ದಕ್ಕೆ ಹೀಗಾದರೆ ಹೊಟ್ಟೆ ಉರಿಯುತ್ತದೆ.

ಉಚಿತ ಸೇವೆಗಳನ್ನು ಕಡೆಗಣಿಸಬೇಡಿ. ಫಾಕ್ಸ್‌ನ ಟುಬಿ, ಪ್ಯಾರಾಮೌಂಟ್‌ನ ಪ್ಲೂಟೊ ಟಿವಿ, ರೋಕು ಚಾನೆಲ್ ಇವುಗಳಿಗೆ ಹಳೆಯ ಕೇಬಲ್ ಸೀರೀಸ್‌ಗಳು ದಂಡಿಯಾಗಿ ಬರುತ್ತವೆ, ಹೋಗುತ್ತವೆ. 'ಮ್ಯಾಡ್ ಮೆನ್' 2020ರಲ್ಲಿ ನೆಟ್‌ಫ್ಲಿಕ್ಸ್ ಬಿಟ್ಟ ಮೇಲೆ ಅಮೆಜಾನ್‌ನ ಉಚಿತ ಸೇವೆಯಲ್ಲೇ ಸಿಗುತ್ತಿತ್ತು. ಜಾಹೀರಾತು ಸಹಿಸಬೇಕು, ನಡುವೆ ಮಾಯವಾಗಬಹುದು. ಆದರೆ ಕೈಯಿಂದ ಏನೂ ಹೋಗಿಲ್ಲವಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲೂ ಸೀಸನ್‌ಗಟ್ಟಲೆ ಡಿವಿಡಿ ಸಿಗುತ್ತವೆ, ಇದನ್ನು ಜನ ಮರೆತೇಬಿಟ್ಟಿದ್ದಾರೆ.

ನಿಮಗೆ ಯಾವುದು?

ಮುಗಿದುಹೋದ ಹಳೆಯ ಸೀರೀಸ್, ಬಜೆಟ್ ಬಿಗಿ: ಮೊದಲು ಉಚಿತ ಸೇವೆ, ಆಮೇಲೆ ಗ್ರಂಥಾಲಯ, ಆಮೇಲೆ ಮನೆಯಲ್ಲಿ ಈಗಾಗಲೇ ಇರುವ ಆ್ಯಪ್. ಈ ಮೂರೂ ಆಗದಿದ್ದರೆ ಮಾತ್ರ ಹೊಸದಕ್ಕೆ ದುಡ್ಡು ಹಾಕಿ.

ವಾರ ವಾರ ಬರುತ್ತಿರುವ ಸೀರೀಸ್, ಕೆಲಸದ ಕಡೆ ಎಲ್ಲರೂ ಅದರ ಮಾತೇ ಆಡುತ್ತಾರೆ, ಕಥೆ ಮುಂಚೆಯೇ ಗೊತ್ತಾದರೆ ನಿಮಗೆ ಆಗುವುದಿಲ್ಲ ಅಂತಾದರೆ ಮಾಲೀಕರ ಆ್ಯಪ್, ಜಾಹೀರಾತಿನ ಪ್ಲ್ಯಾನ್ ಸಾಕು. ಎರಡು ಮೂರು ತಿಂಗಳ ಖರ್ಚು ಅಂತ ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಚಿಕ್ಕ ಮಕ್ಕಳು ನೋಡಿದ್ದನ್ನೇ ನೂರು ಸಲ ನೋಡುತ್ತಾರೆ. ಅಂಥ ಒಂದೆರಡು ಕಾರ್ಯಕ್ರಮ ಕೊಂಡಿಡಿ, ಸಿಕ್ಕರೆ ಡಿಸ್ಕ್‌ನಲ್ಲೇ. ಪ್ರಯಾಣದಲ್ಲಿ ತೋರಿಸಬೇಕಾದರೆ, ಡೌನ್‌ಲೋಡ್ ಹಕ್ಕು ಆ ಕಾರ್ಯಕ್ರಮಕ್ಕೆ ಇದೆಯಾ ಅಂತ ಹೊರಡುವ ಹಿಂದಿನ ದಿನವೇ ಒತ್ತಿ ನೋಡಿ.

ಏಳೆಂಟು ಸೀಸನ್‌ನ ದೊಡ್ಡ ಸೀರೀಸ್ ಅನ್ನು ನಿಧಾನಕ್ಕೆ ಒಂದು ವರ್ಷ ನೋಡುವವರಾದರೆ ಮಾಲೀಕರನ್ನು ಹುಡುಕುವ ಕೆಲಸ ಬಿಡಲೇಬೇಡಿ. ಎಪಿಸೋಡ್ ಕೊನೆಗೆ ಹೆಸರುಗಳು ಓಡಿದ ಮೇಲೆ ಸ್ಟುಡಿಯೋ ಗುರುತು ಬರುತ್ತದೆ, ಅದನ್ನು ನೋಡಿ. ಆ ಸ್ಟುಡಿಯೋಗೆ ಸ್ವಂತ ಆ್ಯಪ್ ಇದ್ದು ನೀವು ಬೇರೆ ಕಡೆ ನೋಡುತ್ತಿದ್ದರೆ, ಸೀರೀಸ್ ಇವತ್ತಲ್ಲ ನಾಳೆ ಅಲ್ಲಿಗೇ ಹೋಗಬಹುದು. ನೆಟ್‌ಫ್ಲಿಕ್ಸ್‌ನಲ್ಲಿ ಹೊರಡುವ ದಿನ ಹತ್ತಿರ ಬಂದರೆ ಸೀರೀಸ್‌ನ ಪುಟದಲ್ಲೇ ಕೊನೆಯ ದಿನಾಂಕ ಹಾಕಿರುತ್ತಾರೆ, ಆದರೆ ಆಗ ನಿಮ್ಮ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಒಂದು ತಿಂಗಳು. ಐದು ಸೀಸನ್ ಬಾಕಿ ಇದ್ದರೆ ಓಡಿಓಡಿ ನೋಡುವುದಕ್ಕಿಂತ, ಅದು ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿ ಆ ಆ್ಯಪ್‌ಗೆ ಬದಲಾಯಿಸಿಕೊಳ್ಳಿ, ಇದನ್ನು ಆ ತಿಂಗಳೇ ನಿಲ್ಲಿಸಿ.